ಬ್ಯಾಟರಿ ಹಿಡಿಯುವ ಹುದ್ದೆ

ಇತ್ತೀಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರಿಗಾದರೂ ಏನನ್ನಾದರೂ ಬೆರಳು ಮಾಡಿ ತೋರಿಸಿದ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವರು ಆ ವಸ್ತುವನ್ನು ನೋಡಿ ಮುಗಿಸಿ, ತಿರುಗಿ ನನ್ನ ಮುಖ ನೋಡುವ ತನಕ ನಾನು ತುಟಿ ಬಿಚ್ಚುವುದಿಲ್ಲ. ದೊಡ್ಡ ರೋಗವೇನೂ ಅಲ್ಲ. ಆದರೆ ನವನಗರದ ಕಾಯಿಪಲ್ಯದ ಸಂತೆಯಲ್ಲಿ ಇದರಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿದೆ. ಮೊನ್ನೆ ಬದನೆಕಾಯಿಯ ಗುಂಪಿಯತ್ತ ಬೆರಳು ತೋರಿಸಿ ಸುಮ್ಮನೆ ನಿಂತೆ. ಮಾರುವ ಹೆಂಗಸು ಬದನೆಕಾಯಿಯನ್ನು ನೋಡಿದಳು. ಅವಳು ನನ್ನ ಕಡೆ ನೋಡಲೆಂದು ನಾನು ಕಾದೆ. ನಾನು ಮಾತಾಡಲೆಂದು ಅವಳು ಕಾದಳು. ಹಿಂದೆ ನಿಂತವರು ನಮ್ಮಿಬ್ಬರಿಗಾಗಿ ಕಾದರು.

"ಯಜಮಾನ್ರ, ಬದನಿಕಾಯಿ ಬೇಕೋ, ಬರೇ ದರ್ಶನ ಸಾಕೋ?" ಎಂದಳು ಕಡೆಗೆ.

ಮನೆಗೆ ಈ ಸುದ್ದಿ ನನಗಿಂತ ಮೊದಲು ತಲುಪಿತ್ತು. ಬಿಪಿ ತೋರಿಸಿಕೊಂಡು ಬರಬೇಕೆಂದು ಮನೆಯಾಕೆಯ ಆದೇಶವಾಯಿತು. ಬಿಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬಾದಾಮಿಯ ಗುಹೆಗಳಲ್ಲಿ ಒಂದು ಹಗಲು ನಾನು ಸಲ್ಲಿಸಿದ ಸೇವೆಯ ಫಲ ಎಂದು ಹೇಳಿದರೆ ನಂಬುವವರು ಕಡಿಮೆ. ನೀವಾದರೂ ನಂಬಬೇಕು ಎಂಬ ಕಾರಣಕ್ಕೆ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಕಾರಣಳಾದವಳ ಹೆಸರು ಶಿವಲೀಲಾ. ಇಳಕಲ್ಲಿನಲ್ಲಿ ಸೀರೆ ಅಂಗಡಿ ನಡೆಸುವ ನನ್ನ ಅಕ್ಕ ಶಾಂತಕ್ಕನ ಒಬ್ಬಳೇ ಮಗಳು. ಹುಟ್ಟಾ ಕಿವುಡಿ. ಜೀವಮಾನವೆಲ್ಲ ಸರಕಾರಿ ಕಚೇರಿಯಲ್ಲಿ ಕಡತ ಸರಿಸಿದವನು ನಾನು. 'ಶ್ರವಣದೋಷವುಳ್ಳವಳು' ಎಂದು ಬರೆಯದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ. ಹಾಗೆ ಬರೆದು ಅವಳಿಗೆ ತೋರಿಸಿದೆ. ಓದಿ ಕೇಳಿದಳು: "ದೋಷ ಯಾರದು ಮಾಮಾ?" ಕಚೇರಿಯ ಪದ್ಧತಿಯಂತೆ ಆ ಪದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಕಿರುಸಹಿ ಹಾಕಿದೆ. ಆದ್ದರಿಂದ ಕಿವುಡಿ ಎಂದೇ ಬರೆಯುತ್ತೇನೆ. ಇನ್ನೊಂದು ಮಾತು: ಅವಳು ಹೇಳಿದಳು, ಕೇಳಿದಳು ಎಂದು ನಾನು ಬರೆದಲ್ಲೆಲ್ಲ ಅದು ಕೈಯಲ್ಲಿ ಹೇಳಿದ್ದು. ಆ ಕೈ ಇಳಕಲ್ಲಿನ ಕೈಯಾದ್ದರಿಂದ ಇಳಕಲ್ಲಿನ ಮಾತಿನಲ್ಲೇ ಬರೆದಿದ್ದೇನೆ.

ಕಿವುಡರಿರುವ ಮನೆಗೆ ಕೆಲವು ಕಾಯಿದೆಗಳಿರುತ್ತವೆ. ಮರದ ನೆಲದ ಮನೆಗಳಲ್ಲಿ ಕಾಲು ಬಡಿದರೆ ಅವರಿಗೆ ಗೊತ್ತಾಗುತ್ತದಂತೆ. ಇಳಕಲ್ಲಿನಲ್ಲಿ ಕಲ್ಲಿನದೇ ನೆಲ. ಆನೆ ಕುಣಿದರೂ ಸುದ್ದಿ ಮುಟ್ಟುವುದಿಲ್ಲ. ಹೀಗಾಗಿ ಅವಳನ್ನು ಕರೆಯಬೇಕಾದರೆ ದೀಪದ ಗುಂಡಿ ಒತ್ತಬೇಕು, ಇಲ್ಲವೇ ಮೆತ್ತಗಿನದೇನಾದರೂ ಎಸೆಯಬೇಕು. ಟವಲು, ತಲೆದಿಂಬು, ನೂಲಿನ ಉಂಡೆ ಎಲ್ಲವೂ ಅಕ್ಕನ ಮನೆಯಲ್ಲಿ ಸಂಬೋಧನಾ ರೂಪಗಳಾಗಿದ್ದವು. ಜಗಳಕ್ಕೂ ಅವಳದೇ ಕಾಯಿದೆ. ಸೋಲುವ ಲಕ್ಷಣ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಲ್ಲಿಗೆ ಪ್ರಕರಣ ಮುಕ್ತಾಯ, ಅಪೀಲಿಗೆ ಅವಕಾಶವಿಲ್ಲ. ಶಾಂತಕ್ಕ ಮುಚ್ಚಿದ ಕಣ್ಣಿನ ಮುಂದೆ ನಿಂತು ಒದರಿ ಒದರಿ, ಕಡೆಗೆ ನನ್ನ ಮೇಲೆ ಒದರುತ್ತಿದ್ದಳು. ನನಗೆ ಕೇಳುತ್ತಿತ್ತಲ್ಲ.

ಕೈಮಾತನ್ನು ಅವಳು ಕಲಿತದ್ದು ದೂರದ ಊರಿನ ಒಂದು ವಸತಿಶಾಲೆಯಲ್ಲಿ. ರಜೆಗೆ ಬಂದಾಗ ನನಗೂ ಕಲಿಸಿದಳು. ನನ್ನ ಕೈಮಾತು ಇಂದಿಗೂ ತಾಲೂಕು ಮಟ್ಟದ್ದು. ಜಿಲ್ಲಾ ಮಟ್ಟದ ಕಿವುಡರ ಎದುರು ನಿಲ್ಲುವುದಿಲ್ಲ. ಆದರೂ ಅವರಲ್ಲಿ ನನಗೊಂದು ಹೆಸರಿದೆ. ಕಿವುಡರು ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇಡುತ್ತಾರೆ. ಅದನ್ನು ನಾವೇ ಇಟ್ಟುಕೊಳ್ಳುವಂತಿಲ್ಲ, ಇಟ್ಟದ್ದನ್ನು ಬೇಡವೆನ್ನುವಂತಿಲ್ಲ, ಕಿವಿ ಕೇಳುವ ಮಂದಿ ಇನ್ನೊಬ್ಬರಿಗೆ ಇಡುವಂತೆಯೂ ಇಲ್ಲ. ಸಣ್ಣವಳಿದ್ದಾಗ ಶಿವಲೀಲಾ ಒಮ್ಮೆ ನನ್ನ ಕಚೇರಿಗೆ ಬಂದಿದ್ದಳು. ನಾನು ಗಂಭೀರನಾಗಿ ಕೂತು ಕಾಗದದ ಮೇಲೆ ಕಾಗದಕ್ಕೆ ಶಿಕ್ಕಾ ಹೊಡೆಯುತ್ತಿದ್ದೆ. ಅವತ್ತಿನಿಂದ ಜಿಲ್ಲೆಯ ಕಿವುಡರಿಗೆಲ್ಲ ನಾನು ಮುಷ್ಟಿಯಿಂದ ಅಂಗೈಗೆ ಗುದ್ದುವ ಮನುಷ್ಯ. ಹುನಗುಂದದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ನನ್ನನ್ನು ನೋಡಿ ಅಂಗೈಗೆ ಗುದ್ದಿಕೊಂಡು ನಗುತ್ತಾರೆ. ನಾನೂ ನಮಸ್ಕರಿಸುತ್ತೇನೆ.

ಓದು ಮುಗಿಸಿ ಬಂದ ಶಿವಲೀಲಾ ಅಂಗಡಿಯ ಮೂಲೆಯಲ್ಲಿ ಕೂತಳು. ಗಿರಾಕಿಗಳು ಬಿಚ್ಚಿಸಿ ಹಾಕಿದ ಸೀರೆಗಳನ್ನು ಮಡಚುವುದು ಅವಳ ಕೆಲಸ. ಸೆರಗಿನ ಕೆಂಪು ಹೊರಗೆ ಕಾಣುವಂತೆ, ಅಂಚಿಗೆ ಅಂಚು ಕೂಡುವಂತೆ ಮಡಚುತ್ತಿದ್ದಳು. ಯಾರಾದರೂ ಅವಳನ್ನು, "ಇದರಾಗ ಹಸರ ಐತೇನವಾ?" ಎಂದು ಕೇಳುವರು. ಅವಳು ಕಿವಿ ಮುಟ್ಟಿ ತೋರಿಸುವಳು. "ಅಯ್ಯ ಪಾಪ!" ಎನ್ನುವರು. ಆಮೇಲೆ, ಯಾಕೋ ಗೊತ್ತಿಲ್ಲ, ದನಿ ತಗ್ಗಿಸಿ ಅವಳ ವಿಷಯ ಮಾತಾಡುವರು. ಪಾಪದ ಭರದಲ್ಲಿ ಕೆಲವರು ಒಂದು ಸೀರೆ ಹೆಚ್ಚಿಗೆ ಒಯ್ಯುತ್ತಿದ್ದುದೂ ಉಂಟು. ವ್ಯಾಪಾರಸ್ಥಳಾದ ಶಾಂತಕ್ಕ ಅದಕ್ಕೆ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ.

"ಸೀರಿ ಮಡಚೂದು ಬ್ಯಾಸರಿಲ್ಲ ಮಾಮಾ. ಪಾಪ ಅನ್ನಿಸ್ಕೊಳ್ಳೂದು ಸಾಕಾಗೈತಿ" ಎಂದು ಶಿವಲೀಲಾ ಒಂದು ಸಲ ನನಗೆ ಹೇಳಿದಳು.

ಇಂಥಾದ್ದರಲ್ಲಿ ಗ್ರೇಸ್ ಎಂಬಾಕೆಯ ಪರಿಚಯ ಫೋನಿನ ವಿಡಿಯೊದಲ್ಲಿ ಆಯಿತು. ಗ್ರೇಸ್ ಹುಟ್ಟಿದ್ದು ಕೀನ್ಯಾದಲ್ಲಿ, ನೆಲೆಸಿದ್ದು ನಾರ್ವೆಯಲ್ಲಿ, ಉದ್ಯೋಗ ಬೇರೆ ಬೇರೆ ದೇಶಗಳ ಕಿವುಡರನ್ನು ಕೂಡಿಸಿಕೊಂಡು ಪರದೇಶ ತೋರಿಸುವುದು. ಆಕೆಯೂ ಕಿವುಡಿ. ಹಿಂದೊಮ್ಮೆ ಬಾದಾಮಿಗೆ ಬಂದಾಗ ಮಾತಾಡುವ ಗೈಡ್ ಒಬ್ಬನನ್ನು ಗೊತ್ತುಮಾಡಿದ್ದಳಂತೆ. ಅವನು ಬಹಳ ಚೆನ್ನಾಗಿ ಮಾತಾಡಿದನಂತೆ. ಯಾರಿಗೂ ಕೇಳಲಿಲ್ಲ. ಈಗ ಒಬ್ಬ ಕಿವುಡ ಗೈಡ್ ಬೇಕಾಗಿತ್ತು. ಒಂದು ಸಣ್ಣ ತಂಡ ಕರೆತರುತ್ತೇನೆ, ಒಂದು ಹಗಲು ತೋರಿಸು, ಸರಿ ಬಂದರೆ ಚಳಿಗಾಲದ ತಂಡಗಳೆಲ್ಲ ನಿನ್ನವು ಎಂದು ಶಿವಲೀಲಾಗೆ ಹೇಳಿದಳು. ಶಿವಲೀಲಾ ಅವತ್ತು ಸೀರೆಗಳನ್ನು ಎಷ್ಟು ಜೋರಾಗಿ ಮಡಚಿದಳೆಂದರೆ, ಗಿರಾಕಿಗಳು ಅಂಗಡಿಯಲ್ಲಿ ಏನೋ ಜಗಳವಾಗಿದೆ ಎಂದುಕೊಂಡರು.

ಶಾಂತಕ್ಕ ನನಗೆ ಫೋನು ಮಾಡಿದಳು. "ಪರದೇಶಿ ಮಂದಿ, ಅದರಾಗ ಎಲ್ಲಾರೂ ಕಿವುಡರು, ಮ್ಯಾಲ ಬಾದಾಮ್ಯಾಗ ಮಂಗ್ಯಾ ಭಾಳ. ನೀ ಜೋಡಿ ಹೋಗೋ ಈರಣ್ಣ."

ಹೀಗೆ ನಾನು ರಕ್ಷಕನೂ ಐತಿಹಾಸಿಕ ಸಲಹೆಗಾರನೂ ಆಗಿ ನೇಮಕಗೊಂಡೆ. ಎರಡನೆಯ ಹುದ್ದೆ ಅಕ್ಕನ ಆದೇಶದಲ್ಲಿ ಇರಲಿಲ್ಲ. ಸಾರ್ವಜನಿಕ ಹಿತದೃಷ್ಟಿಯಿಂದ ನಾನೇ ಸೇರಿಸಿಕೊಂಡೆ.

ಸಲಹೆಗಾರನ ಮೊದಲ ಸಮಸ್ಯೆ ಚಾಲುಕ್ಯ ಅರಸರ ಹೆಸರುಗಳದು. ಪುಲಿಕೇಶಿ ಎಂದು ಬೆರಳಿನಲ್ಲಿ ಅಕ್ಷರ ಕೂಡಿಸಿ ಬರೆದರೆ ತಂಡದಲ್ಲಿ ಬರಲಿದ್ದ ಜಪಾನಿನವನಿಗೆ ಏನು ತಿಳಿದೀತು? ಅರಸರಿಗೆ ಕೈಹೆಸರು ಬೇಕು. ನಾನು ತಲೆಯ ಮೇಲೆ ಕಿರೀಟ, ಸೊಂಟದಲ್ಲಿ ಕತ್ತಿ ತೋರಿಸಿ ಒಂದು ರಾಜಗಾಂಭೀರ್ಯದ ಹೆಸರನ್ನು ಮಂಡಿಸಿದೆ.

"ಎಲ್ಲಾ ರಾಜರಿಗೂ ಕತ್ತಿ ಕಿರೀಟ ಇರತಾವ" ಎಂದಳು ಶಿವಲೀಲಾ. "ನಿಮ್ಮ ಆಫೀಸಿನ್ಯಾಗ ಎಲ್ಲಾರಿಗೂ ಸಾಹೇಬ್ರ ಅಂದಂಗಾತು. ಮತ್ತ ಕೇಳೂ ಮಂದಿ ಹೆಸರ ಇಡಂಗಿಲ್ಲ."

"ಸತ್ತವ್ರಿಗೂ ಇಡಂಗಿಲ್ಲೇನು?"

"ಸತ್ತವ್ರಿಗಂತೂ ಇಡಂಗ ಇಲ್ಲ. ಅವ್ರು ಬ್ಯಾಡ ಅನ್ನಾಕ ಬರಂಗಿಲ್ಲಲ್ಲ."

ಆಮೇಲೆ ಫೋನಿನ ವಿಡಿಯೊದಲ್ಲಿ ಸಭೆ ಸೇರಿತು. ಹುನಗುಂದದ ಒಬ್ಬ ಕಿವುಡ ಟೇಲರ್, ಕೆರೂರಿನ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಕಿವುಡ ಹೆಂಗಸು, ಇವರಿಬ್ಬರ ಜೊತೆ ಶಿವಲೀಲಾ ಕೂತು, ಹದಿಮೂರು ಹದಿನಾಲ್ಕು ಶತಮಾನ ತಡವಾಗಿ ಚಾಲುಕ್ಯ ಚಕ್ರವರ್ತಿಗೆ ನಾಮಕರಣ ಮಾಡಿದರು. ಎದೆ ಸೆಟೆಸಿ, ಎರಡು ಬೆರಳಿನಿಂದ ಗದ್ದ ಮೇಲೆತ್ತಿದರೆ ಅದು ಇಮ್ಮಡಿ ಪುಲಿಕೇಶಿ. ಒಪ್ಪಿದೆ. ಅವನ ಚಿಕ್ಕಪ್ಪ ಮಂಗಳೇಶನ ಕತೆಯನ್ನೂ ನಾನು ವಿವರವಾಗಿ ಹೇಳಿದೆ. ಅಣ್ಣ ತೀರಿಕೊಂಡ, ಅಣ್ಣನ ಮಗ ಸಣ್ಣವನು, ಕೆಲವು ದಿನ ನೋಡಿಕೋ ಎಂದು ಸಿಂಹಾಸನ ಇವನ ಕೈಗೆ ಬಂತು. ಹುಡುಗ ದೊಡ್ಡವನಾದರೂ ಚಿಕ್ಕಪ್ಪ ಏಳಲೊಲ್ಲ. ಕಡೆಗೆ ಯುದ್ಧವಾಗಿ ಚಿಕ್ಕಪ್ಪ ಸತ್ತ. ಕೇಳಿ ಮೂವರೂ ಕಿಸಿಕಿಸಿ ನಕ್ಕರು. ಅವನಿಗೆ ಏನು ಹೆಸರಿಟ್ಟಿರಿ ಎಂದರೆ, "ಇನ್ನೂ ಚರ್ಚಾ ನಡದೈತಿ" ಎಂದಳು.

ಆ ದಿನ ಬೆಳಿಗ್ಗೆ ಬಾದಾಮಿಯ ಒಂದು ಖಾನಾವಳಿಯಲ್ಲಿ ಭೇಟಿ. ಗ್ರೇಸ್, ಜರ್ಮನಿಯ ಒಬ್ಬ ಮುದುಕ ಬಡಗಿ, ಅವನ ಹೆಂಡತಿ, ಗಡ್ಡದ ಒಬ್ಬ ಜಪಾನಿ ತರುಣ. ನಾಲ್ವರೂ ಕಿವುಡರು. ಕಿವುಡರಿಗೆಲ್ಲ ಜಗತ್ತಿನ ತುಂಬ ಒಂದೇ ಭಾಷೆ ಎಂದು ನಾನು ನಂಬಿದ್ದೆ, ಸುಳ್ಳು. ಒಬ್ಬೊಬ್ಬರ ಕೈ ಒಂದೊಂದು ದೇಶದ್ದು. ಮೊದಲು ಅವರು ಕೈಗಳನ್ನು ಹೊಂದಿಸಿಕೊಂಡರು. ನೀರಿಗೆ ನಿಮ್ಮಲ್ಲಿ ಹೇಗೆ? ನಮ್ಮಲ್ಲಿ ಹೀಗೆ. ತಾಯಿಗೆ? ದುಡಿಮೆಗೆ? ಯಾವುದು ನೋಡಿದ ಕೂಡಲೇ ತಿಳಿಯುತ್ತದೋ ಅದನ್ನು ಇಟ್ಟುಕೊಂಡರು, ಉಳಿದದ್ದನ್ನು ಬಿಟ್ಟರು. ಯಾರೂ ತಮ್ಮದೇ ಶ್ರೇಷ್ಠವೆಂದು ಚಳವಳಿ ಹೂಡಲಿಲ್ಲ. ರೊಟ್ಟಿ ತಿನ್ನುವ ಹೊತ್ತಿಗೆ ಮಾತು ಸರಾಗವಾಗಿ ನಡೆದಿತ್ತು. ನನಗೆ ಅದು ಶಿವಲೀಲಾಳ ಕೈ ದಾಟಿ ಬಂದದ್ದರಿಂದ ಅವರ ಮಾತನ್ನೂ ಇಳಕಲ್ಲಿನ ಮಾತಿನಲ್ಲೇ ಬರೆಯುತ್ತೇನೆ. ರೊಟ್ಟಿಗೆ ಒಂದು ಕೈ ಹೋಗುವುದರಿಂದ ಇನ್ನೊಂದರಲ್ಲೇ ಸುಧಾರಿಸಬೇಕು. ಆದರೆ ಬಾಯಿ ತುಂಬ ತುತ್ತಿದ್ದರೂ ಮರ್ಯಾದೆಗೆಡದೆ ಮಾತಾಡಬಹುದು. ಈ ಸೌಕರ್ಯ ನಮಗಿಲ್ಲ.

ಗ್ರೇಸ್‌ಗೆ ಎರಡು ಕೈಹೆಸರು. ಕೀನ್ಯಾದಲ್ಲಿ ಇಟ್ಟದ್ದು ಗಲ್ಲದ ಮೇಲಿನ ಗಾಯದ ಗುರುತು. ನಾರ್ವೆಯವರು ಇಟ್ಟದ್ದು ಶಾಲು ಹೊದೆಯುವ ಸನ್ನೆ. ಹೋದ ಹೊಸದರಲ್ಲಿ ಆಕೆ ಮನೆಯೊಳಗೂ ಶಾಲು ತೆಗೆಯುತ್ತಿರಲಿಲ್ಲವಂತೆ.

"ಈಗ ಯಾವ ಭಾಷಾದಾಗ ವಿಚಾರ ಮಾಡ್ತಿ?" ಎಂದು ಶಿವಲೀಲಾ ಕೇಳಿದಳು.

"ಅಂಗಡ್ಯಾಗ, ಆಫೀಸಿನ್ಯಾಗ ನಾರ್ವೇದು. ಸಿಟ್ಟು ಬಂದ್ರ ಕೈ ತಾವ ಕೀನ್ಯಾಕ್ಕ ಹೋಗತಾವ" ಎಂದಳು ಗ್ರೇಸ್.

ಗುಹೆಗಳ ಮೆಟ್ಟಿಲು ಹತ್ತುವಾಗ ರಕ್ಷಕನಾಗಿ ನನ್ನ ಮೊದಲ ಕರ್ತವ್ಯ ಒದಗಿ ಬಂತು. ಒಂದು ಗಡವ ಮಂಗ ಜರ್ಮನಿಯ ಅಜ್ಜಿಯ ಚೀಲಕ್ಕೆ ಹಿಂದಿನಿಂದ ಕೈ ಹಾಕುತ್ತಿತ್ತು. "ಮಂಗ್ಯಾ! ಮಂಗ್ಯಾ!" ಎಂದು ಎದೆಯೊಡೆಯುವ ಹಾಗೆ ಕೂಗಿದೆ. ಗುಡ್ಡದ ಮೇಲಿದ್ದ ಸಮಸ್ತರೂ ತಿರುಗಿದರು, ಮಂಗವೂ ತಿರುಗಿತು. ಯಾರಿಗಾಗಿ ಕೂಗಿದೆನೋ ಅವರು ಮಾತ್ರ ತಿರುಗಲಿಲ್ಲ. ಬಾಳೆಹಣ್ಣು ಹೋದವು.

ಮೊದಲ ಗುಹೆಯ ಹೊರಗೆ ಹದಿನೆಂಟು ಕೈಯ ಶಿವ ಕುಣಿಯುತ್ತಾನೆ. ನೋಡಿದ ಕೂಡಲೇ ನಾಲ್ವರ ಮುಖವೂ ಅರಳಿತು. "ಇಷ್ಟ ಕೈ ಒಮ್ಮಿಗೇ ಮಾತಾಡಾಕ ಹತ್ತಿದ್ರ ಯಾವದನ್ನ ನೋಡೂದು?" ಎಂದು ಮುದುಕ ಕೇಳಿದ. "ಎಷ್ಟ ಕೈ ಇದ್ರೇನು, ಮನ್ಯಾಗ ಪಾರ್ವತೀದ ನಡೀತಿತ್ತು" ಎಂದಳು ಶಿವಲೀಲಾ. ಮುದುಕನ ಹೆಂಡತಿ ಗಂಡನ ಬೆನ್ನಿಗೆ ಗುದ್ದಿ ನಕ್ಕಳು.

ಇಷ್ಟು ಚೆನ್ನಾಗಿ ಶುರುವಾದದ್ದನ್ನು ನಾನು ಹಾಗೆಯೇ ಬಿಡಬಹುದಾಗಿತ್ತು.

ಆದರೆ ಸಲಹೆಗಾರನಾದವನು ಸುಮ್ಮನಿರುವುದುಂಟೆ? ಶಿವಲೀಲಾ ಕೈಯಲ್ಲಿ ಹೇಳುತ್ತಿರುವಾಗ ನಾನು ಪಕ್ಕದಲ್ಲಿ ನಿಂತು ಡಮರು ತೋರಿಸಿದೆ, ನಂದಿ ತೋರಿಸಿದೆ, ಗಣಪತಿ ತೋರಿಸಿದೆ. ನಾವು ಕೇಳುವವರು ಕಿವಿಯನ್ನು ಗೈಡಿಗೆ ಕೊಟ್ಟು ಕಣ್ಣನ್ನು ಕಲ್ಲಿಗೆ ಕೊಡಬಹುದು. ಅವರಿಗೆ ಎರಡಕ್ಕೂ ಇರುವುದು ಅದೇ ಕಣ್ಣು. ನನ್ನ ಬೆರಳಿನ ಕಡೆ ನೋಡಿದರೆ ಅವಳ ಮಾತು ತಪ್ಪುತ್ತದೆ. ಅವಳ ಕಡೆ ನೋಡಿದರೆ ಈ ಹಿರಿಯ ಮನುಷ್ಯ ಅಷ್ಟು ದೂರದಿಂದ ಬೆರಳು ಚಾಚಿಕೊಂಡು ನಿಂತಿದ್ದಾನೆ. ಸಭ್ಯರು ಪಾಪ, ಎರಡೂ ಕಡೆ ನೋಡಿದರು. ಎರಡನೆಯ ಗುಹೆ ಮುಗಿಯುವ ಹೊತ್ತಿಗೆ ಮುದುಕ ಕುತ್ತಿಗೆ ತಿಕ್ಕಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟ. ಶಿವಲೀಲಾ ಅವನನ್ನು ನೋಡಲಿಲ್ಲ, ನನ್ನನ್ನು ಕೆಕ್ಕರಿಸುವುದರಲ್ಲಿದ್ದಳು. ಗ್ರೇಸ್ ಮೂವರನ್ನೂ ನೋಡಿದಳು.

ಮೂರನೆಯ ಗುಹೆಯ ಒಳಮಂಟಪ ಕತ್ತಲು. ಇದಕ್ಕೆಂದೇ ನಾನು ಮನೆಯಿಂದ ದೊಡ್ಡ ಬ್ಯಾಟರಿ ತಂದಿದ್ದೆ. ಎಲ್ಲರನ್ನೂ ಒಳಗೆ ಕೂಡಿಸಿ, ಛತ್ತಿನ ಕೆತ್ತನೆಗೆ ಬೆಳಕು ಬಿಟ್ಟು, ಶುರು ಮಾಡು ಎಂದು ಶಿವಲೀಲಾಗೆ ತಲೆಯಾಡಿಸಿದೆ. ಬೆಳಕೆಲ್ಲ ಮೇಲೆ, ಅವಳು ಕೆಳಗೆ ಕತ್ತಲೆಯಲ್ಲಿ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾರೆ, ಅವಳು ಹೇಳುತ್ತಿದ್ದಾಳೆ, ಒಬ್ಬರಿಗೂ ಒಂದಕ್ಷರ ಮುಟ್ಟುತ್ತಿಲ್ಲ. ಜಗತ್ತಿನಲ್ಲಿ ಒಬ್ಬ ಗೈಡಿನ ಬಾಯಿಯನ್ನು ಬ್ಯಾಟರಿಯಿಂದ ಮುಚ್ಚಿದ ಮೊದಲಿಗ ನಾನೇ ಇರಬೇಕು. ಸ್ವಲ್ಪ ಹೊತ್ತಿನ ಮೇಲೆ ಜಪಾನಿ ತರುಣ ಕೈಯಿಂದ ಗೋಡೆ ತಡವುತ್ತ ಹೊರಗೆ ಹೊರಟ. ಅವನ ಹಿಂದೆ ಮುದುಕಿ.

ಶಿವಲೀಲಾ ಕತ್ತಲೆಯಲ್ಲೇ ಬಂದು ನನ್ನ ಮಣಿಕಟ್ಟು ಹಿಡಿದಳು. ಬ್ಯಾಟರಿಯನ್ನು ತಿರುಗಿಸಿ ತನ್ನ ಎದೆಗೆ ಹಿಡಿಸಿದಳು. ಬೆಳಕಿನಲ್ಲಿ ಅವಳ ಮುಖ, ಎರಡು ಕೈ.

"ಮಾಮಾ, ನಾ ಹೇಳೂಮುಂದ ನನ್ನ ಮ್ಯಾಲ ಬಿಡು. ನಾ ಕೈ ಇಳಿಸಿದ ಮ್ಯಾಲ ಕಲ್ಲಿನ ಮ್ಯಾಲ ಬಿಡು. ನಡುವ ನಿನ್ನ ಬೆರಳ ಬ್ಯಾಡ."

ಹೀಗೆ ಐತಿಹಾಸಿಕ ಸಲಹೆಗಾರನ ಹುದ್ದೆ ರದ್ದಾಗಿ, ಅದರ ಜಾಗದಲ್ಲಿ ಬ್ಯಾಟರಿ ಹಿಡಿಯುವ ಹುದ್ದೆ ಸೃಷ್ಟಿಯಾಯಿತು. ಹೊರಗೆ ಹೋದವರನ್ನು ಕರೆತಂದಳು. ಮೊದಲು ಹೇಳಿದಳು, ಎಲ್ಲರೂ ಅವಳನ್ನೇ ನೋಡಿದರು. ಕೈ ಇಳಿಸಿದಳು, ನಾನು ಬೆಳಕನ್ನು ಮೇಲಕ್ಕೆ ಒಯ್ದೆ. ಆಗ ಯಾರೂ ಏನೂ ಹೇಳಲಿಲ್ಲ. ಬರೀ ನೋಡಿದರು. ಬಾದಾಮಿಯ ಗುಹೆಗಳನ್ನು ನಾನು ಸಣ್ಣವನಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ, ಯಾವಾಗಲೂ ಮಾತಾಡುತ್ತ. ಆ ಛತ್ತಿನ ಮೇಲೆ ಅಷ್ಟು ಕೆಲಸವಿದೆಯೆಂದು ಅವತ್ತು ಗೊತ್ತಾಯಿತು.

ಹೊರಗೆ ಪಡಸಾಲೆಯ ಬೆಳಕಿಗೆ ಬಂದ ಮೇಲೆ ಆ ಗುಹೆ ಕೊರೆಯಿಸಿದ ಮಂಗಳೇಶನ ಕತೆ. ಅಣ್ಣ, ಅಣ್ಣನ ಮಗ, ಸಿಂಹಾಸನ, ಏಳಲೊಲ್ಲದ ಚಿಕ್ಕಪ್ಪ. ಪುಲಿಕೇಶಿ ಬಂದಾಗಲೆಲ್ಲ ಗದ್ದ ಮೇಲೇಳುತ್ತಿತ್ತು. ಚಿಕ್ಕಪ್ಪ ಬಂದಾಗ ಶಿವಲೀಲಾ ಮುಷ್ಟಿ ಕಟ್ಟಿ ಅಂಗೈಗೆ ಒಂದು ಗುದ್ದಿದಳು. ಮತ್ತೊಮ್ಮೆ ಗುದ್ದಿದಳು. ನಾಲ್ಕು ಜನ ನಿಧಾನಕ್ಕೆ ನನ್ನ ಕಡೆ ತಿರುಗಿದರು. ಯಾರ ಹೆಸರೆಂದು ಅವರಿಗೆ ಖಾನಾವಳಿಯಲ್ಲೇ ಪರಿಚಯ ಮಾಡಿಸಲಾಗಿತ್ತು. ಜಪಾನಿ ತರುಣ ನಕ್ಕು ನಕ್ಕು ಕಂಬ ಹಿಡಿದುಕೊಂಡ. ಬ್ಯಾಟರಿ ಹಿಡಿದು ನಿಂತ ಮಂಗಳೇಶನಾದ ನಾನು, ಚರ್ಚೆ ಯಾವಾಗ ಮುಗಿಯಿತೆಂದು ಕೇಳುವ ಗೋಜಿಗೆ ಹೋಗಲಿಲ್ಲ.

ಸಂಜೆ ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲ ಮೇಲೆ ಕೂತು ಗ್ರೇಸ್ ತೀರ್ಪು ಕೊಟ್ಟಳು. ಕಿವುಡರಲ್ಲಿ ಮುಖಸ್ತುತಿಯ ಪದ್ಧತಿ ಇಲ್ಲ.

"ನಿನ್ನ ಮಾಮಾ ಭಾಳ ಅಡ್ಡ ಬರ್ತಾನ. ಆದ್ರ ಕಲಿತಾನ." ಇದು ನನ್ನ ಬಗ್ಗೆ. "ನೀ ಕತಿ ಚಲೋ ಹೇಳ್ತಿ. ಯಾವಾಗ ಹೇಳಬೇಕು, ಯಾವಾಗ ಬಿಡಬೇಕು ಅಂತ ತಿಳೀತು. ಮುದುಕ ಕುಂತದ್ದು ನೋಡಿದೇನು?"

ಶಿವಲೀಲಾ ಇಲ್ಲವೆಂದು ತಲೆಯಾಡಿಸಿದಳು.

"ಹೊರಗ ಹೋದಾಕಿ ಕತ್ತಲಾಗ ಅಂಜಿದ್ಲು. ಅದು?"

ಅದೂ ಇಲ್ಲ.

"ನೀ ಗೊತ್ತಿದ್ದ ಊರಾಗ, ಗೊತ್ತಿದ್ದ ಮಂದಿ ನಡುವ ಬೆಳದಾಕಿ. ನಾ ನಾರ್ವೇಕ್ಕ ಹೋದ ಹೊಸದಾಗ ರೈಲಿನ ದಾರಿ ಕಾಯ್ಕೋತ ನಿಂತಿದ್ದೆ. ಒಮ್ಮಿಗೇ ಎಲ್ಲಾರೂ ಎದ್ದು ಓಡಿದ್ರು. ಏನೋ ಹೇಳಿರಬೇಕು ಮೈಕಿನ್ಯಾಗ. ನಾ ಒಬ್ಬಾಕಿನ ನಿಂತೆ. ಯಾಕ ಓಡಿದ್ರು, ಎತ್ತಾಗ ಓಡಿದ್ರು, ಗೊತ್ತಿಲ್ಲ. ಹಂಗ ಒಮ್ಮೆ ನಿಂತಾಕಿಗೆ ಮುಂದ ಯಾರರ ದಣದು ಕುಂತ್ರ, ಅಂಜಿದ್ರ, ಬೆನ್ನ ಹಿಂದಿದ್ರೂ ಕಾಣತೈತಿ. ನಮ್ಮಲ್ಲಿಗೆ ಬಾ. ಕೆಲವು ದಿನ ನನ್ನ ಮನ್ಯಾಗ ಇರು. ಬರೂದು ಹೋಗೂದರ ಖರ್ಚು ನಮ್ಮ ಕಡಿಂದ. ಒಬ್ಬಾಕಿನ ತಿರಗು. ದಿಕ್ಕು ತಪ್ಪು. ಆಮ್ಯಾಲ ಬಂದು ನಮ್ಮ ಮಂದಿಗೆ ಬಾದಾಮಿ ತೋರಸು."

"ಬರಲಿಲ್ಲಂದ್ರ?"

"ಬ್ಯಾರೆ ಯಾರನ್ನರ ನೋಡತೇನಿ" ಎಂದಳು ಗ್ರೇಸ್, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ.

ಇಳಕಲ್ಲಿಗೆ ಬಂದು ಇದನ್ನು ಶಾಂತಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡುಕೊಂಡೆ. ಅಕ್ಕನಿಗೆ ಕಷ್ಟದ ವಿಷಯ ಹೇಳುವಾಗ ಬಾಯಲ್ಲಿ ಏನಾದರೂ ಜಿಗುಟಾಗಿ ಇರುವುದು ಒಳ್ಳೆಯದು. ಕರದಂಟು ಮುಗಿಯಿತು, ಮಾತು ಮುಗಿಯಲಿಲ್ಲ.

"ದಿಕ್ಕು ತಪ್ಪಾಕ ಅಷ್ಟ ದೂರ ಹೋಗಬೇಕೇನೋ? ನೀ ಏನ್ ತಲಿ ಇದ್ದಾಂವೋ ಇಲ್ಲೋ? ಹಿಂದಿಂದ ಗಾಡಿ ಬಂದ್ರ ಏನ್ ಮಾಡ್ಯಾಳು? ಯಾರರ ಕರದ್ರ ಅಲ್ಲೆ ಕೇಳತೈತೇನು ಆಕಿಗೆ?"

ನಾನು ಇದನ್ನು ಕೈಯಲ್ಲಿ ಶಿವಲೀಲಾಗೆ ಮುಟ್ಟಿಸಿದೆ.

"ಇಲ್ಲೆ ಕರದ್ರ ಕೇಳತೈತೇನು?" ಎಂದು ಅವಳು ಕೇಳಿದಳು.

ಅದನ್ನು ಶಾಂತಕ್ಕನಿಗೆ ಮುಟ್ಟಿಸಿದೆ. ಶಾಂತಕ್ಕ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಪಾಸ್‌ಪೋರ್ಟ್ ಮಾಡಿಸಿಡ್ರಿ ಬೇಕಾದ್ರ. ಕಳಸೂದು ಬಿಡೂದು ಆಮ್ಯಾಲ ನೋಡೂಣು" ಎಂದಳು. ಅವಳ ಲೆಕ್ಕ ನನಗೆ ಅರ್ಥವಾಯಿತು. ನಾನಿದ್ದ ಕಚೇರಿಯನ್ನು ಕಣ್ಣಾರೆ ಕಂಡವಳು. ಸರಕಾರದ ಕಾಗದವೊಂದು ಹೊರಬರುವುದರೊಳಗೆ ಮಗಳ ಹುಚ್ಚು ತಾನಾಗಿ ಇಳಿಯುತ್ತದೆ ಎಂಬ ಭರವಸೆ. ದುರ್ದೈವ, ಈಗಿನ ಕಾಲದಲ್ಲಿ ಆ ಭರವಸೆಗೂ ಅರ್ಥ ಉಳಿದಿಲ್ಲ. ಅರ್ಜಿ ಹೋದ ಸ್ವಲ್ಪ ದಿನಕ್ಕೇ ವಿಚಾರಣೆಗೆ ಪೊಲೀಸರು ಬರುತ್ತಾರೆಂದು ತಿಳಿಯಿತು. ಸರಕಾರದ ವಿಷಯವೆಂದು ಶಾಂತಕ್ಕ ನನ್ನನ್ನೂ ಕರೆಸಿದಳು.

ಪೊಲೀಸಿನವರು ಅಂಗಡಿಗೇ ಬಂದರು. ನಡುವಯಸ್ಸಿನ, ಸಂಭಾವಿತ ಮನುಷ್ಯ. ಟೋಪಿ ತೆಗೆದು ಕೂತು ಚಹಾ ಕುಡಿದರು. ಮೂಲೆಯಲ್ಲಿ ಸೀರೆ ಮಡಚುತ್ತಿದ್ದ ಶಿವಲೀಲಾಳನ್ನು ನೋಡಿ, "ಏನವಾ, ಯಾವ ದೇಶಕ್ಕ ಹೊಂಟೀದಿ?" ಎಂದರು. ಅವಳು ಕಿವಿ ಮುಟ್ಟಿ ತೋರಿಸಿದಳು.

"ಅಯ್ಯ ಪಾಪ!" ಎಂದರು. ಆಮೇಲೆ ಶಾಂತಕ್ಕನತ್ತ ಬಾಗಿ, ದನಿ ತಗ್ಗಿಸಿ, "ಅಲ್ರಿ ಅಕ್ಕಾರ, ಕಿವಿ ಕೇಳೂದಿಲ್ಲ, ಬಾಯಿ ಬರೂದಿಲ್ಲ. ಅಂಥಾಕಿನ್ನ ಒಬ್ಬಾಕಿನ್ನ ಹೆಂಗ್ ಕಳಸ್ತೀರಿ? ಹಿಂದಿಂದ ಗಾಡಿ ಬಂದ್ರ ಏನ್ ಮಾಡ್ಯಾಳು?" ಎಂದು ಕೇಳಿದರು.

ಇದು ಅಕ್ಷರಶಃ ಶಾಂತಕ್ಕನ ವಾದ. ಅವಳಿಗೆ ಕಡೆಗೂ ಒಬ್ಬ ವಕೀಲ ಸಿಕ್ಕ, ಅದೂ ಖಾಕಿ ತೊಟ್ಟ ವಕೀಲ ಎಂದುಕೊಂಡು ನಾನು ಶಿವಲೀಲಾಳ ಮುಖ ನೋಡುವ ಧೈರ್ಯವಿಲ್ಲದೆ ಚಹಾದ ಕಪ್ಪಿನೊಳಗೆ ನೋಡಿದೆ.

"ನೀವು ಎಲ್ಲಿ ತನಕ ಹೋಗೀರಿ ಸಾಹೇಬ್ರ?" ಎಂದಳು ಶಾಂತಕ್ಕ.

"ನಾವ್ ಎಲ್ಲಿಗ್ರಿ? ಬೆಳಗಾವಿ, ಭಾಳಾತಂದ್ರ ಪುಣೆ."

"ಅಲ್ಲೆ ಪರದೇಶದವ್ರ ಜೋಡಿ ಮಾತಾಡೀರೇನು?"

"ಅವ್ರ ಭಾಷಾ ನಮಗೆಲ್ಲಿ ಬರತೈತ್ರಿ?"

"ಆಕಿ ಬಾದಾಮ್ಯಾಗ ಮೂರು ದೇಶದ ಮಂದೀನ್ನ ದಿನಾ ಪೂರ್ತಿ ನಗಿಸ್ಯಾಳ. ನನ್ನ ತಮ್ಮ ಅಲ್ಲೇ ಇದ್ದ, ಕೇಳ್ರಿ ಬೇಕಾದ್ರ. ಪಾಪ ಗೀಪ ಅನ್ನಬ್ಯಾಡ್ರಿ. ಕೆಲಸದ ಮ್ಯಾಲ ಹೊಂಟಾಳ."

ಪೊಲೀಸಿನವರು ನನ್ನ ಕಡೆ ನೋಡಿದರು. ನಾನು ಸಾಕ್ಷಿಗೆ ತಕ್ಕ ಮುಖ ಮಾಡಿದೆ. "ಹಂಗಂದ್ರ ಕಳಸಾವ್ರು ನೀವ ಏನ್ರಿ?" ಎಂದು ಕೇಳಿದರು.

"ಹೂಂ. ನಾನ ಕಳಸ್ತೇನಿ."

ಅವಳು ಇಷ್ಟನ್ನೂ ಹೇಳಿದ್ದು ಮಗಳಿಗೆ ಬೆನ್ನು ಮಾಡಿ. ಶಿವಲೀಲಾಗೆ ಪೊಲೀಸಿನವರ ತುಟಿ ಕಂಡಿತ್ತು. 'ಪಾಪ' ಎಂಬ ಶಬ್ದವನ್ನು ಅವಳು ಯಾರ ತುಟಿಯ ಮೇಲಾದರೂ ಗುರುತಿಸುತ್ತಾಳೆ. ಅವ್ವನ ಮಾತು ಕಂಡಿರಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು, "ಅವ್ವ ಏನಂದ್ಲು?" ಎಂದು ಹುಬ್ಬಿನಿಂದಲೇ ನನ್ನನ್ನು ಕೇಳಿದಳು.

ಮುಟ್ಟಿಸಲೆಂದು ನಾನು ಕೈ ಎತ್ತಿದೆ.

"ನೀ ಸುಮ್ಮನಿರೋ" ಎಂದು ಶಾಂತಕ್ಕ ನನ್ನ ಕೈ ಕೆಳಗಿಳಿಸಿದಳು. ಗಾದಿಯಿಂದ ಎದ್ದು, ಬಿಚ್ಚಿ ಹರವಿದ್ದ ಸೀರೆಗಳನ್ನು ದಾಟಿ, ಮಗಳ ಎದುರಿಗೆ ಹೋಗಿ ಕೂತಳು. ಮಗಳ ಎದೆ ಮುಟ್ಟಿದಳು. ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಎರಡೂ ಅಂಗೈಗಳನ್ನು ಕೂಡಿಸಿ, ಏನನ್ನೋ ನೀರಿಗೆ ಬಿಡುವವಳ ಹಾಗೆ ಮುಂದಕ್ಕೆ ಸರಿಸಿದಳು. ಅಂಥ ಸನ್ನೆ ಯಾವ ದೇಶದ ಕಿವುಡರಲ್ಲೂ ಇರಲಿಕ್ಕಿಲ್ಲ.

ಪೊಲೀಸಿನವರು ಕಾಗದ ಮುಂದೆ ಮಾಡಿ, "ಇಲ್ಲೊಂದು ಸಹಿ ಮಾಡಾಕ ಹೇಳ್ರಿ" ಎಂದರು. ಹೇಳುವ ಮೊದಲೇ ಶಿವಲೀಲಾ ಎದ್ದಿದ್ದಳು. ಅರ್ಧ ಮಡಚಿದ ಸೀರೆ ಶಾಂತಕ್ಕನ ತೊಡೆಯ ಮೇಲೆ ಉಳಿಯಿತು. ಉಳಿದರ್ಧವನ್ನು ಅಕ್ಕನೇ ಮಡಚತೊಡಗಿದಳು. ಅಂಚಿಗೆ ಅಂಚು ಕೂಡಲಿಲ್ಲ.